ಎರಡು ನಿಮಿಷಕ್ಕೆ ನಿಲ್ಲುತ್ತಿದ್ದ ಓಮ್ನಿ

ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತಿತ್ತು. ಸದ್ದು ಸರಿಯಾಗಿತ್ತು, ನಡುಕವಿರಲಿಲ್ಲ. ಅಪ್ಪ ಗಂಟುಗಳನ್ನು ಏರಿಸಿ, ಬಾಗಿಲು ಎಳೆದು, ಗೇಟಿನಿಂದ ಹಿಂದಕ್ಕೆ ತೆಗೆಯುವಷ್ಟರಲ್ಲಿ ಎಂಜಿನ್ನಿನ ದನಿ ಇಳಿಯುತ್ತಿತ್ತು. ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡಬೇಕೆಂದರೆ ನಾಲ್ಕೈದು ಸಲ ಕೀಲಿ ತಿರುಗಿಸಬೇಕು. ಹೊರಟರೂ ನವನಗರದ ಸೆಕ್ಟರ್ ದಾಟುವುದರೊಳಗೆ ಮತ್ತದೇ ಕೆಮ್ಮು.

ಗಾಡಿ 1998ರ ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು, ಮುಂದೆ ಓಮ್ನಿ ಎನಿಸಿಕೊಂಡು, 2019ರಲ್ಲಿ ತಯಾರಿಕೆ ನಿಂತುಹೋದ ಅದೇ ಡಬ್ಬಿಯಂಥ ವಾಹನ. 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್. ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಅಪ್ಪ ಗುಳೇದಗುಡ್ಡದ ಕುಪ್ಪಸದ ಖಣ, ಇಳಕಲ್ ಸೀರೆಗಳ ಗಂಟು ಕಟ್ಟಿಕೊಂಡು ಅಮೀನಗಡ, ಹುನಗುಂದ, ಕೆರೂರು, ಬಾದಾಮಿ ಎಂದು ಸಂತೆ ಸುತ್ತುವುದು ಇದರಲ್ಲಿಯೇ. ಹಿಂದಿನ ಸೀಟು ತೆಗೆಸಿ ಹಲಗೆ ಹಾಸಿದ್ದಾರೆ. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗುವ ಮುನ್ನ ಅಲ್ಲಿನ ಪಾತ್ರೆಪಗಡ, ಅಜ್ಜಿಯ ತೊಟ್ಟಿಲನ್ನೆಲ್ಲ ನವನಗರಕ್ಕೆ ಹೊತ್ತು ತಂದದ್ದೂ ಇದೇ ಗಾಡಿ. ಮಾರಿ ಹೊಸದನ್ನು ತೆಗೆದುಕೊಳ್ಳಿ ಎಂದು ಮನೆಯಲ್ಲಿ ಯಾರೂ ಹೇಳಿಲ್ಲ, ಹೇಳುವುದೂ ಇಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪಾನಾ ಹಿಡಿಯುವುದನ್ನು ಕಲಿತದ್ದು ಅಪ್ಪನಿಂದ. ಮೂರು ತಿಂಗಳಲ್ಲಿ ಗಾಡಿ ಎರಡು ಸಲ ಗ್ಯಾರೇಜಿಗೆ ಹೋಗಿ ಬಂದಿತ್ತು. ಮೊದಲ ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದು ಹೊಸ ಪ್ಲಗ್ ಹಾಕಿದರು. ಎರಡನೆಯ ಸಲ ಪೆಟ್ರೋಲ್ ಪಂಪನ್ನೂ ಫಿಲ್ಟರನ್ನೂ ಬದಲಿಸಿದರು. ಎರಡೂ ಸಲ ಎಂಟು ಹತ್ತು ದಿನ ಚೆನ್ನಾಗಿ ಓಡಿ, ಮತ್ತೆ ಹಳೆಯ ಚಾಳಿಗೆ ಬಂತು. ಮೂರನೆಯ ಸಲ ಹೊಸ ಕಾರ್ಬೊರೇಟರನ್ನೇ ಹಾಕಿಸೋಣ ಎಂಬ ಮಾತು ಬಂದಾಗ ನಾನು ತಡೆದೆ. ಎರಡು ಭಾನುವಾರ ಕೊಡಿ ಎಂದು ಅಪ್ಪನನ್ನು ಕೇಳಿಕೊಂಡೆ.

ಮೊದಲ ಭಾನುವಾರ, ಬೆಳಿಗ್ಗೆ

ಏನನ್ನೂ ಬಿಚ್ಚುವುದಕ್ಕೆ ಮೊದಲು ಎಂಜಿನ್ ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡಬೇಕಿತ್ತು. ದೀಪದ ಗುಂಡಿ ಒತ್ತಿದ ಹಾಗೆ ತಟಕ್ಕನೆ ನಿಂತರೆ ವಿದ್ಯುತ್ತಿನ ಕಡೆ ಸಂಶಯಪಡಬೇಕು: ಕಿಡಿ ಹುಟ್ಟಿಸುವ ಕಾಯಿಲ್, ಅದನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್, ಕೀಲಿಯ ಹಿಂದಿನ ವೈರು. ದನಿ ಇಳಿದು, ತಡವರಿಸಿ, ಆಕ್ಸಿಲರೇಟರ್ ಒತ್ತಿದರೂ ಏಳದೆ ನಿಂತರೆ ಹೊಟ್ಟೆಗೆ ಸಿಗುತ್ತಿಲ್ಲ ಎಂದರ್ಥ. ನಮ್ಮದು ಎರಡನೆಯ ಬಗೆಯದು. ಇನ್ನೊಂದು ಬಗೆಯೂ ಉಂಟು: ಸ್ಟಾರ್ಟರ್ ತಿರುಗುವಾಗ ಎಂಜಿನ್ ಹತ್ತಿಕೊಳ್ಳುತ್ತದೆ, ಕೀಲಿ ಬಿಟ್ಟ ಕ್ಷಣವೇ ಆರುತ್ತದೆ. ಕಾಯಿಲಿಗೆ ಪ್ರತ್ಯೇಕ ರೆಸಿಸ್ಟರ್ ಇರುವ ಹಳೆಯ ಗಾಡಿಗಳಲ್ಲಿ ಆ ರೆಸಿಸ್ಟರ್ ಸುಟ್ಟಾಗ ಹೀಗಾಗುತ್ತದೆ, ಏಕೆಂದರೆ ಸ್ಟಾರ್ಟ್ ಮಾಡುವಾಗ ಕಾಯಿಲಿಗೆ ಬೇರೆ ದಾರಿಯಿಂದ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಸಿಗುತ್ತದೆ. ನಮ್ಮದು ಎರಡು ನಿಮಿಷ ಓಡುತ್ತಿದ್ದುದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

ಆದರೂ ಕಿವಿಯ ಮೇಲೆ ಮಾತ್ರ ಭಾರ ಹಾಕುವುದು ನನಗೆ ಸರಿಬರುವುದಿಲ್ಲ. ಒಂದನೆಯ ಸಿಲಿಂಡರಿನ ಪ್ಲಗ್ ವೈರಿಗೆ ಪುಟ್ಟ ದೀಪದ ಸ್ಪಾರ್ಕ್ ಟೆಸ್ಟರ್ ಸೇರಿಸಿದೆ. ಅಪ್ಪ ಕೀಲಿ ತಿರುಗಿಸಿದರು. ದನಿ ಇಳಿಯಿತು, ಎಂಜಿನ್ ಕೆಮ್ಮಿತು, ಕೊನೆಯ ಸುತ್ತು ತಿರುಗಿ ನಿಲ್ಲುವವರೆಗೂ ಟೆಸ್ಟರಿನ ದೀಪ ಮಿನುಗುತ್ತಲೇ ಇತ್ತು. ಕಿಡಿ ಇದೆ, ಉರಿಯಲು ಪೆಟ್ರೋಲ್ ಇಲ್ಲ.

ಇನ್ನೊಂದು ಸಲ ಓಡಿಸಿ, ದನಿ ಇಳಿಯುವ ಹೊತ್ತಿಗೆ ಚೋಕ್ ಎಳೆಯಲು ಅಪ್ಪನಿಗೆ ಹೇಳಿದೆ. ಮೂರು ಸೆಕೆಂಡು ಚೇತರಿಸಿಕೊಂಡಿತು, ಆಮೇಲೆ ನಿಂತಿತು. ಚೋಕ್ ಎಳೆದಾಗ ಗಾಳಿಯ ದಾರಿ ಕಿರಿದಾಗುತ್ತದೆ, ಕಾರ್ಬೊರೇಟರಿನ ಗಂಟಲಲ್ಲಿ ಎಳೆತ ಹೆಚ್ಚಾಗಿ ತಳದಲ್ಲಿ ಉಳಿದ ಹನಿಗಳೂ ಮೇಲೆ ಬರುತ್ತವೆ. ಆ ಮೂರು ಸೆಕೆಂಡಿನ ಉಸಿರು ಅದರದು.

ಮುಂದಿನ ಕೆಲಸ ನನಗೆ ತುಂಬ ಇಷ್ಟವಾದದ್ದು. ಮುಂದಿನ ಸೀಟನ್ನು ಎತ್ತಿ ಮುಚ್ಚಳ ತೆಗೆದರೆ ಕಾರ್ಬೊರೇಟರ್ ಕಾಣುತ್ತದೆ. ಅದರ ಫ್ಲೋಟ್ ಚೇಂಬರಿಗೆ, ಎಂದರೆ ಪೆಟ್ರೋಲ್ ಬಂದು ನಿಲ್ಲುವ ಪುಟ್ಟ ಬಟ್ಟಲಿಗೆ, ಗಾಜಿನ ಒಂದು ಕಿಂಡಿ ಇದೆ. ಕಡಲೆಕಾಳಿಗಿಂತ ತುಸು ದೊಡ್ಡದು. ಇಪ್ಪತ್ತೈದು ವರ್ಷದ ಜಿಡ್ಡು ಅದನ್ನು ಪೂರ್ತಿ ಮುಚ್ಚಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ಗಾಜಿನ ನಡುವಿನ ಗುಂಡು ಗುರುತು ಕಂಡಿತು. ಪೆಟ್ರೋಲಿನ ಮಟ್ಟ ಆ ಗುರುತಿನ ಹತ್ತಿರ ನಿಲ್ಲಬೇಕು. ಎರಡು ಸಲ ಬಿಚ್ಚಿಸಿಕೊಂಡ ಕಾರ್ಬೊರೇಟರಿನಲ್ಲಿ ಈ ಕಿಂಡಿಯನ್ನು ಯಾರೂ ನೋಡಿರಲಿಲ್ಲವೇನೋ ಎನಿಸಿ ಬೇಸರವಾಯಿತು.

ಪ್ರತಿ ಪರೀಕ್ಷೆಯೂ ಒಂದೇ ಜಾಗದಿಂದ ಶುರುವಾಗಬೇಕು. ಅದಕ್ಕೆ 50 ಮಿಲಿಲೀಟರಿನ ಸಿರಿಂಜ್ ತಂದು, ಕಾರ್ಬೊರೇಟರಿನ ಒಳಹರಿವಿನ ಪೈಪಿನ ಮೂಲಕ ಬಟ್ಟಲನ್ನು ಗುರುತಿನ ತನಕ ತುಂಬಿಸಿ, ಪೈಪನ್ನು ಮೊದಲಿನಂತೆ ಸೇರಿಸಿ, ಆಮೇಲೆ ಸ್ಟಾರ್ಟ್ ಮಾಡಿದೆವು. ಟಾರ್ಚಿನ ಬೆಳಕಿನಲ್ಲಿ ಕಿಂಡಿಗೆ ಕಣ್ಣಿಟ್ಟು ಕುಳಿತೆ. ಮಟ್ಟದ ಗೆರೆ ಎಂಜಿನ್ನಿನ ಕಂಪನಕ್ಕೆ ಸಣ್ಣಗೆ ನಡುಗುತ್ತಿತ್ತು. ಅರ್ಧ ನಿಮಿಷಕ್ಕೆ ಗುರುತಿನಿಂದ ಕೆಳಗಿಳಿಯಿತು, ಸವಾ ನಿಮಿಷಕ್ಕೆ ಗಾಜಿನ ಅಂಚಿಗೆ ಬಂತು, ಆಮೇಲೆ ಕಾಣಿಸಲೇ ಇಲ್ಲ. ಹಿಂದಿನಿಂದ ಒಂದು ಹನಿ ಬಂದು ಸೇರಿದ ಲಕ್ಷಣವಿರಲಿಲ್ಲ. 2 ನಿಮಿಷ 10 ಸೆಕೆಂಡಿಗೆ ಎಂಜಿನ್ ನಿಂತಿತು.

ಮತ್ತೆ ತುಂಬಿಸಿದೆವು: 2 ನಿಮಿಷ 5 ಸೆಕೆಂಡು. ಮತ್ತೆ: 2 ನಿಮಿಷ 15 ಸೆಕೆಂಡು. ನಾಲ್ಕನೆಯ ಸಲ ಆಕ್ಸಿಲರೇಟರನ್ನು ಅರ್ಧ ಒತ್ತಿ ಹಿಡಿಯಲು ಅಪ್ಪನಿಗೆ ಹೇಳಿದೆ: 48 ಸೆಕೆಂಡು.

ಈ ನಾಲ್ಕು ಸಂಖ್ಯೆಗಳನ್ನು ಬರೆದುಕೊಂಡಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಬಿಸಿಯಾದಾಗ ಕೆಡುವ ಕಾಯಿಲಾಗಿದ್ದರೆ ಹೊತ್ತು ಹೀಗೆ ಸರಿಸಮ ಬರುತ್ತಿರಲಿಲ್ಲ. ಸೆಕೆಂಡುಗಳಲ್ಲಿ ಆರಿ ಮೊದಲಿನಂತಾಗುತ್ತಲೂ ಇರಲಿಲ್ಲ. ಇಲ್ಲಿ ಎಂಜಿನ್ ಒಂದೇ ಅಳತೆಯ ಬುತ್ತಿಯನ್ನು ಉಣ್ಣುತ್ತಿದೆ. ನಿಧಾನ ಉಂಡರೆ ಎರಡು ನಿಮಿಷ, ಅವಸರದಲ್ಲಿ ಉಂಡರೆ ಮುಕ್ಕಾಲು ನಿಮಿಷ. ಬುತ್ತಿ ಮುಗಿದಾಗ ನಿಲ್ಲುತ್ತದೆ. ಕಾರ್ಬೊರೇಟರ್ ತನಗೆ ಸಿಕ್ಕಿದ್ದನ್ನು ಕೊನೆಯ ಹನಿಯವರೆಗೆ ಸರಿಯಾಗಿ ಬಡಿಸುತ್ತಿತ್ತು. ಅದರ ತಪ್ಪೇನೂ ಇರಲಿಲ್ಲ.

ಕಿಂಡಿ ಇಲ್ಲದ ಕಾರ್ಬೊರೇಟರ್ ಇರುವವರಿಗೆ ಇನ್ನೊಂದು ದಾರಿ ಇದೆ. ಎಂಜಿನ್ ನಿಂತ ಮೇಲೆ ಗಾಳಿಯ ಕೊಳವೆ ತೆಗೆದು, ಗಂಟಲೊಳಗೆ ಟಾರ್ಚ್ ಬಿಟ್ಟು, ಆಕ್ಸಿಲರೇಟರಿನ ಕೈಯನ್ನು ಬೆರಳಿನಿಂದ ಎಳೆಯಬೇಕು. ಬಟ್ಟಲಲ್ಲಿ ಪೆಟ್ರೋಲ್ ಇದ್ದರೆ ಸಣ್ಣ ತೂತಿನಿಂದ ಚಿರ್ರೆಂದು ಒಂದು ಎಳೆ ಚಿಮ್ಮುತ್ತದೆ. ಚಿಮ್ಮದಿದ್ದರೆ ಬಟ್ಟಲು ಬರಿದಾಗಿದೆ. ಎಂಜಿನ್ ತಿರುಗುತ್ತಿರುವಾಗ ಮಾತ್ರ ಆ ಗಂಟಲಿಗೆ ಮುಖ ಒಡ್ಡಬಾರದು; ಹಿಮ್ಮುಖವಾಗಿ ಬೆಂಕಿ ಉಗುಳಿದರೆ ಹುಬ್ಬು, ಕಣ್ಣು ಎರಡಕ್ಕೂ ಅಪಾಯ.

ಅಪ್ಪನ ಚೋಪಡಿ

ಮಧ್ಯಾಹ್ನ ಊಟಕ್ಕೆ ಕುಳಿತಾಗ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ದೋಷ ಕಾರ್ಬೊರೇಟರಿನದ್ದಲ್ಲವಾದರೆ, ಅದನ್ನು ತೊಳೆದ ಮೇಲೆ ಹತ್ತು ದಿನ ಗಾಡಿ ಸರಿ ಇದ್ದದ್ದು ಹೇಗೆ?

ಅಪ್ಪನ ಜೇಬಿನಲ್ಲಿ ಸದಾ ಕೆಂಪು ರಟ್ಟಿನ ಉದ್ದನೆಯ ಚೋಪಡಿ ಇರುತ್ತದೆ. ಯಾವ ಸಂತೆಯಲ್ಲಿ ಎಷ್ಟು ಖಣ ಹೋಯಿತು, ಯಾರು ಎಷ್ಟು ಉದ್ರಿ, ಪೆಟ್ರೋಲಿಗೆ ಎಷ್ಟು, ಚಹಾಕ್ಕೆ ಎಷ್ಟು ಎಂದು ಎಲ್ಲವನ್ನೂ ಬರೆಯುತ್ತಾರೆ. ಅದನ್ನು ಇಸಿದುಕೊಂಡು ಮೂರು ತಿಂಗಳ ಹಾಳೆ ತಿರುವಿದೆ. ಅಪ್ಪ ಸಾಮಾನ್ಯವಾಗಿ ಹಾಕಿಸುವುದು ಐದು ನೂರು ರೂಪಾಯಿಯದು, ಐದು ಲೀಟರಿಗೂ ಕಡಿಮೆ. ಆದರೆ ಕಾರ್ಬೊರೇಟರ್ ತೊಳೆಸಿದ ದಿನ ಎರಡು ಸಾವಿರ ರೂಪಾಯಿಯ ಪೆಟ್ರೋಲ್. ಗ್ಯಾರೇಜಿನಿಂದ ಗಾಡಿ ಬಂತು, ಇಳಕಲ್ಲಿಗೆ ಹೋಗುವ ಕೆಲಸವಿತ್ತು, ದಾರಿಯಲ್ಲಿ ಹೆಚ್ಚು ಹಾಕಿಸಿದ್ದರು. ಪಂಪು ಬದಲಿಸಿದ ದಿನವೂ ಹಾಗೆಯೇ, ಎರಡು ಸಾವಿರ ರೂಪಾಯಿ. ಕೆಟ್ಟ ದಿನಗಳನ್ನು ಅವ್ವ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಟ್ಯಾಂಕು ಅರ್ಧಕ್ಕಿಂತ ಮೇಲಿದ್ದಾಗ ಒಂದು ದಿನವೂ ಗಾಡಿ ನಿಂತಿಲ್ಲ. ಮುಳ್ಳು ಕೆಳಗಿನ ಕಾಲು ಭಾಗಕ್ಕೆ ಇಳಿದಾಗಲೆಲ್ಲ ನಿಂತಿದೆ.

ಗ್ಯಾರೇಜಿನವರು ಮೋಸ ಮಾಡಿರಲಿಲ್ಲ. ಒಂದೇ ದಿನ ಎರಡು ಬದಲಾವಣೆ ಆಗಿತ್ತು: ಕಾರ್ಬೊರೇಟರ್ ಸ್ವಚ್ಛವಾಯಿತು, ಟ್ಯಾಂಕು ತುಂಬಿತು. ಗಾಡಿ ಸರಿಹೋದ ಶ್ರೇಯಸ್ಸು ಕಣ್ಣಿಗೆ ಕಂಡ ಕೆಲಸಕ್ಕೆ ಹೋಯಿತು. ತರಗತಿಯಲ್ಲಿ ಮಕ್ಕಳಿಗೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಎಂದು ಹೇಳುವ ನಾನೇ ಈ ಮೂರು ತಿಂಗಳು ಪೆಟ್ರೋಲಿನ ಮುಳ್ಳಿನತ್ತ ನೋಡಿರಲಿಲ್ಲ.

ಚೋಪಡಿ ಮುಚ್ಚುವಾಗ ಅಪ್ಪ ಇನ್ನೊಂದು ಮಾತು ಹೇಳಿದರು. “ತಂಗೀ, ಟ್ಯಾಂಕು ತುಂಬಿಸಿದ ದಿನ ಖಣದ ಗಂಟಿಗೆ ಪೆಟ್ರೋಲಿನ ವಾಸನೆ ಹತ್ತುತ್ತದೆ. ಕೆರೂರಿನಲ್ಲಿ ಒಬ್ಬ ಹೆಣ್ಣುಮಗಳು ಮೂಸಿ ನೋಡಿ ಬೇಡ ಎಂದು ಇಟ್ಟು ಹೋದಳು. ಅದಕ್ಕೇ ತಾಡಪಾಲು ಹಾಸುತ್ತಿದ್ದೇನೆ.”

ನನ್ನ ಕೈಯಲ್ಲಿನ ರೊಟ್ಟಿ ಹಾಗೆಯೇ ಉಳಿಯಿತು. ತುಂಬಿದಾಗ ವಾಸನೆ, ಇಳಿದಾಗ ನಿಲ್ಲುವುದು. ಎರಡೂ ಒಂದೇ ತೂತಿನ ಕೆಲಸವಿರಬಹುದು.

ನದಿಯಿಂದ ನೀರೆತ್ತುವವರಿಗೆ ಇದು ಹೊಸ ಮಾತಲ್ಲ. ನಮ್ಮ ಸೋದರಮಾವನ ಹೊಲ ಘಟಪ್ರಭೆಯ ದಂಡೆಯಲ್ಲಿದೆ. ಪಂಪಿನ ಆಚೆಗೆ, ನೀರು ದೂಡುವ ಪೈಪಿನಲ್ಲಿ ತೂತಾದರೆ ನೀರು ಚಿಮ್ಮಿ ದೂರದಿಂದಲೇ ಕಾಣುತ್ತದೆ. ಪಂಪಿನ ಈಚೆಗೆ, ನೀರು ಎಳೆಯುವ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಒಂದು ಹನಿಯೂ ಸೋರುವುದಿಲ್ಲ. ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ, ಮೋಟಾರು ಸುಮ್ಮನೆ ತಿರುಗುತ್ತದೆ, ನೀರು ಬರುವುದಿಲ್ಲ. ಮಾವ ಆಗ ಜೋಡಣೆಗಳಿಗೆ ಸೆಗಣಿ ಮೆತ್ತುತ್ತಾ ಹೋಗುತ್ತಾರೆ. ಯಾವ ಜೋಡಣೆಗೆ ಮೆತ್ತಿದಾಗ ನೀರು ಏರುತ್ತದೆಯೋ ಅಲ್ಲಿಯೇ ತೂತು. ಓಮ್ನಿಯಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೆ ಅಂಟಿಕೊಂಡಿದೆ, ಟ್ಯಾಂಕು ಹಿಂದೆ ಕೆಳಗಿದೆ. ನಡುವಿನ ದಾರಿಯೆಲ್ಲ ಎಳೆಯುವ ಪೈಪೇ. ಟ್ಯಾಂಕು ತುಂಬಿದಾಗ ಮೇಲಿನ ಪೆಟ್ರೋಲಿನ ಭಾರಕ್ಕೆ ತೂತಿನಿಂದ ಹನಿ ಹೊರಬರುತ್ತದೆ; ಮಟ್ಟ ಇಳಿದಾಗ ಪಂಪು ಅದೇ ತೂತಿನಿಂದ ಗಾಳಿ ಎಳೆಯುತ್ತದೆ.

ನಮ್ಮ ಮನೆಯ ಗೇಟಿಗೆ ಗಟಾರದ ಮೇಲೆ ಏರು ಇದೆ, ಗಾಡಿಯನ್ನು ಮೂತಿ ಮೇಲೆ ಮಾಡಿ ನಿಲ್ಲಿಸುತ್ತೇವೆ. ಆಗ ಪಂಪು ಪೆಟ್ರೋಲನ್ನು ಇನ್ನೂ ಎತ್ತರಕ್ಕೆ ಎಳೆಯಬೇಕು. ಎಂಜಿನ್ ಮನೆಯಲ್ಲಿಯೇ ಹೆಚ್ಚು ನಿಲ್ಲುತ್ತಿದ್ದುದಕ್ಕೆ ಅದೂ ಕಾರಣ ಎಂದು ಆಗ ಹೊಳೆಯಿತು.

ಸಂಜೆ: ಬಾಟಲಿಯ ಪರೀಕ್ಷೆ

ಬಯಲಿಗೆ ಗಾಡಿ ತಳ್ಳಿಕೊಂಡು ಬಂದೆವು. ಪಕ್ಕದಲ್ಲಿ ಮರಳಿನ ಬುಟ್ಟಿ ಇಟ್ಟೆ. ಎಂಜಿನ್ ತಣ್ಣಗಿತ್ತು. ಕಿಡಿ ಹಾರದಿರಲೆಂದು ಕಾಯಿಲಿಗೆ ಬರುವ ತೆಳು ವೈರನ್ನು ಬಿಡಿಸಿದೆ. ಕಾರ್ಬೊರೇಟರಿನಿಂದ ಪೈಪು ಕಳಚಿ ಅಳತೆಯ ಬಾಟಲಿಗೆ ಬಿಟ್ಟು, ಹತ್ತು ಸೆಕೆಂಡಿನಂತೆ ಎರಡು ಸಲ, ನಡುವೆ ಬಿಡುವು ಕೊಟ್ಟು, ಸ್ಟಾರ್ಟರ್ ತಿರುಗಿಸಿದೆವು. ಪೈಪು ಫಸ್ ಫಸ್ ಎಂದಿತು. ಬಾಟಲಿಯಲ್ಲಿ ಬಿದ್ದದ್ದು 3 ಮಿಲಿಲೀಟರ್, ಅದೂ ನೊರೆ ನೊರೆಯಾಗಿ.

ಈಗ ಪಂಪಿನ ಒಳಹರಿವಿಗೆ ಟ್ಯಾಂಕಿನ ಪೈಪನ್ನು ತೆಗೆದು, ಒಂದು ಮೊಳ ಹೊಸ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಪಕ್ಕದಲ್ಲಿಟ್ಟ ಪೆಟ್ರೋಲ್ ಡಬ್ಬಿಗೆ ಇಳಿಬಿಟ್ಟೆ. ಅದೇ ಇಪ್ಪತ್ತು ಸೆಕೆಂಡು. ಪ್ರತಿ ಹೊಡೆತಕ್ಕೂ ಗಟ್ಟಿ ಧಾರೆ, 65 ಮಿಲಿಲೀಟರ್. ಪಂಪು ಚೆನ್ನಾಗಿತ್ತು. ಬಿಸಾಡದೆ ಉಳಿಸಿದ್ದ ಹಳೆಯ ಪಂಪಿನ ಡಯಾಫ್ರಮ್ಮನ್ನೂ, ಎಂದರೆ ಪೆಟ್ರೋಲ್ ಎಳೆಯುವ ಪೊರೆಯನ್ನೂ, ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಅದರಲ್ಲಿಯೂ ಬಿರುಕಿರಲಿಲ್ಲ. ಅದನ್ನು ಒರೆಸಿ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ.

ಟ್ಯಾಂಕಿನ ಮುಚ್ಚಳದ ಗಾಳಿತೂತು ಮುಚ್ಚಿಹೋದರೂ ಒಳಗೆ ನಿರ್ವಾತ ಹುಟ್ಟಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಮುಚ್ಚಳ ತೆಗೆದಿಟ್ಟು ಮತ್ತೆ ಮೊದಲ ಪರೀಕ್ಷೆ ಮಾಡಿದೆ: ಅದೇ ನೊರೆ. ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಭರಣಿಯಲ್ಲಿ ಹಿಡಿದು ರಾತ್ರಿಯೆಲ್ಲ ಇಟ್ಟೆ. ಬೆಳಿಗ್ಗೆ ತಳದಲ್ಲಿ ಬೇರೆ ಪದರ ಕಟ್ಟಿರಲಿಲ್ಲ, ಬೇರ್ಪಡುವಷ್ಟು ನೀರು ಸೇರಿಲ್ಲ.

ಎರಡನೆಯ ಭಾನುವಾರ

ಮನೆಯ ಎದುರಿನ ಅಣ್ಣ ಒಬ್ಬರು ಬಂದು, “ಈಗಿನ ಎಥೆನಾಲ್ ಪೆಟ್ರೋಲಿಗೆ ಹಳೆಯ ಗಾಡಿಗಳೆಲ್ಲ ಹೀಗೆಯೇ ನಿಲ್ಲುತ್ತವೆ” ಎಂದರು. ಆ ಮಾತನ್ನು ನಾನು ತಳ್ಳಿಹಾಕಲಿಲ್ಲ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಂದದ್ದು 2023ರ ಫೆಬ್ರವರಿಯಲ್ಲಿ. ನಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬು ಕೂಡ ಎಥೆನಾಲ್ ಆಗಿ ಈ ಟ್ಯಾಂಕುಗಳಿಗೆ ಬರುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಕಿಲೋ ಸಾಕು. ಹಾಗಾಗಿ ಹಳೆಯ ಕಾರ್ಬೊರೇಟರಿನ ಅಳತೆಯಲ್ಲಿ ಈ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ತಣ್ಣನೆಯ ಎಂಜಿನ್ ತುಸು ತಡವರಿಸಬಹುದು. ಆದರೆ ತೆಳು ಮಿಶ್ರಣ ಬಟ್ಟಲನ್ನು ಬರಿದು ಮಾಡುವುದಿಲ್ಲ. ಬಟ್ಟಲು ಬರಿದಾಗುವುದನ್ನು ನಾನು ಕಣ್ಣಾರೆ ನೋಡಿದ್ದೆ. ಅಣ್ಣನಿಗೆ ಕಿಂಡಿ ತೋರಿಸಿದೆ. ಆಮೇಲೆ ಅವರೇ ಟಾರ್ಚ್ ಹಿಡಿದು ಸಂಜೆಯವರೆಗೆ ನಮ್ಮ ಜೊತೆಗಿದ್ದರು.

ತೂತು ಹುಡುಕಲು ದಾರಿಯನ್ನು ತುಂಡು ತುಂಡಾಗಿ ನೋಡಿದೆ. ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿದೆ. ಸ್ಟಾರ್ಟರ್ ತಿರುಗಿದ ಕೂಡಲೇ ಅದರೊಳಗೆ ಗುಳ್ಳೆಗಳು, ಕುದಿವ ಎಸರಿನಲ್ಲಿ ಏಳುವಂತೆ ಒಂದರ ಹಿಂದೊಂದು. ಫಿಲ್ಟರಿನ ಹಿಂದಕ್ಕೆ ಸರಿಸಿದೆ: ಅಲ್ಲಿಯೂ ಗುಳ್ಳೆ. ಅಂದರೆ ಫಿಲ್ಟರ್ ಮತ್ತು ಅದರ ಕ್ಲಿಪ್ಪುಗಳು ನಿರ್ದೋಷಿ, ಗಾಳಿ ಇನ್ನೂ ಹಿಂದಿನಿಂದ ಬರುತ್ತಿದೆ. ಚಾಸಿಯ ಉದ್ದಕ್ಕೂ ಹೋಗುವ ಉಕ್ಕಿನ ಕೊಳವೆಯನ್ನು ಬೆರಳಿನಿಂದ ಸವರುತ್ತ ಹೋದೆ. ಕೆಸರಿನ ಹಕ್ಕಳೆ, ಅಲ್ಲಲ್ಲಿ ತುಕ್ಕು, ತೂತಿಲ್ಲ. ಉಳಿದದ್ದು ಟ್ಯಾಂಕಿನ ಪಕ್ಕದಲ್ಲಿ ಉಕ್ಕಿನ ಕೊಳವೆಗೂ ಟ್ಯಾಂಕಿಗೂ ನಡುವಿನ ಒಂದು ಗೇಣು ರಬ್ಬರ್ ಪೈಪು.

ಹಿಂದಿನ ಭಾಗವನ್ನು ಜಾಕಿನಿಂದ ಎತ್ತಿ, ಚಾಸಿಯ ಕೆಳಗೆ ಎರಡು ಗಟ್ಟಿ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಗಳಿಗೆ ಕಲ್ಲು ಇಟ್ಟೆವು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಅಂಗಾತ ಮಲಗಿ ಒಳಗೆ ಸರಿದು ನೋಡಿದರೆ ಪೈಪು ಮೇಲುನೋಟಕ್ಕೆ ಕಪ್ಪಗೆ, ಗಟ್ಟಿಯಾಗಿ, ಒಣಗಿಯೇ ಇತ್ತು. ಒಂದು ಹನಿಯೂ ಇಲ್ಲ. ಆದರೆ ಕ್ಲಿಪ್ಪಿನ ಕೆಳಗಿನ ಧೂಳು ಒಂದು ಕಡೆ ಮಾತ್ರ ತೊಳೆದಂತೆ ಹೋಗಿ, ಅಲ್ಲಿ ಲೋಹ ಹೊಳೆಯುತ್ತಿತ್ತು. ಟ್ಯಾಂಕು ತುಂಬಿದಾಗ ಸೋರಿದ ಪೆಟ್ರೋಲ್ ತೊಳೆದ ಗುರುತು ಅದು. ಖಣದ ಗಂಟಿಗೆ ಹತ್ತಿದ ವಾಸನೆ ಇಲ್ಲಿಂದಲೇ ಎದ್ದಿತ್ತು.

ಮಾವನ ಸೆಗಣಿಯ ಬದಲು ನಾನು ಬಟ್ಟೆ ಸೋಪು ತೆಗೆದುಕೊಂಡೆ. ಪೆಟ್ರೋಲಿನಲ್ಲಿ ಸೋಪು ಕರಗುವುದಿಲ್ಲ. ನಾದಿ ಮೆತ್ತಗೆ ಮಾಡಿ ಆ ಜೋಡಣೆಯ ಸುತ್ತ ಒತ್ತಿ ಮೆತ್ತಿದೆ. ಬೇರೇನನ್ನೂ ಮುಟ್ಟಲಿಲ್ಲ, ಪೆಟ್ರೋಲ್ ಕೂಡ ಹಾಕಿಸಲಿಲ್ಲ. ಗಾಡಿಯನ್ನು ನೆಲಕ್ಕೆ ಇಳಿಸಿ ಅಪ್ಪ ಕೀಲಿ ತಿರುಗಿಸಿದರು. ಎರಡು ನಿಮಿಷ ಕಳೆಯಿತು. ಪಾರದರ್ಶಕ ಪೈಪಿನಲ್ಲಿ ಆಗೊಂದು ಈಗೊಂದು ಗುಳ್ಳೆ ಬಿಟ್ಟರೆ ಪೆಟ್ರೋಲ್ ತುಂಬಿ ಹರಿಯುತ್ತಿತ್ತು. ಐದು ನಿಮಿಷ. ಹತ್ತು ನಿಮಿಷ. ಕಿಂಡಿಯಲ್ಲಿ ಮಟ್ಟ ಗುರುತಿನ ಮೇಲೆಯೇ ನಿಂತಿತ್ತು. ಇಪ್ಪತ್ತನೆಯ ನಿಮಿಷಕ್ಕೆ ಅಪ್ಪ ತಾವೇ ಕೀಲಿ ತಿರುಗಿಸಿ ನಿಲ್ಲಿಸಿದರು. ಮೂರು ತಿಂಗಳಲ್ಲಿ ಟ್ಯಾಂಕು ಕಾಲು ಭಾಗಕ್ಕೆ ಇಳಿದಿದ್ದಾಗ ಆ ಎಂಜಿನ್ ನಾವು ನಿಲ್ಲಿಸಿದಾಗ ನಿಂತದ್ದು ಅದೇ ಮೊದಲು.

ಬಿಚ್ಚಿದಾಗ ಕಂಡದ್ದು

ಬ್ಯಾಟರಿಯ ಋಣ ತಂತಿ ಬಿಡಿಸಿ, ಪೆಟ್ರೋಲನ್ನು ಕೈಪಂಪಿನಿಂದ ಡಬ್ಬಿಗೆ ತೆಗೆದು (ಬಾಯಿಯಿಂದ ಎಳೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ) ಪೈಪನ್ನು ಕಳಚಿದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಹಲಗೆಯ ಮೇಲೆ ಬಿಚ್ಚಿಟ್ಟೆವು. ಹೊರಮೈ ಒಣಗಿ ಗಟ್ಟಿ. ಒಳಮೈ ಬೆರಳಿಗೆ ಅಂಟುವಷ್ಟು ಮೆತ್ತಗೆ, ಕಾಡಿಗೆಯಂತೆ ಕಪ್ಪು ಬಿಡುತ್ತಿತ್ತು. ಕ್ಲಿಪ್ಪಿನ ಪಟ್ಟಿ ಕೂತ ಜಾಗದಲ್ಲಿ ಉಗುರಿನ ಉದ್ದದ ಬಿರುಕು; ಪೈಪು ನೇರವಾಗಿದ್ದಾಗ ಕಾಣದು, ಬಾಗಿಸಿದರೆ ಬಾಯಿ ತೆರೆಯುತ್ತದೆ. ಸ್ಕ್ರೂ ಕ್ಲಿಪ್ಪಿನ ಸೀಳುಗಳ ಅಂಚು ವರ್ಷಗಟ್ಟಲೆ ರಬ್ಬರನ್ನು ಕಚ್ಚಿ ಅಲ್ಲಿಯೇ ಸೀಳಿತ್ತು.

ಎಥೆನಾಲ್ ಈ ರಬ್ಬರನ್ನು ಬೇಗ ಕೆಡಿಸಿರಬಹುದು, ಆ ಕಾಲದ ಪೈಪನ್ನು ಇಂಥ ಮಿಶ್ರಣಕ್ಕೆಂದು ಮಾಡಿರಲಿಲ್ಲ. ಆದರೆ ಇದು ಗಾಡಿಯ ಜೊತೆಗೆ ಬಂದ ಪೈಪು. ಇಷ್ಟು ವರ್ಷ ಬಿಸಿಲಲ್ಲಿ, ಮಣ್ಣಿನಲ್ಲಿ, ಎಂಜಿನ್ನಿನ ಕಂಪನದಲ್ಲಿ ದುಡಿದ ರಬ್ಬರಿಗೆ ಎಥೆನಾಲ್ ಇಲ್ಲದಿದ್ದರೂ ಒಂದು ದಿನ ಹೀಗಾಗುತ್ತಿತ್ತು. ಹಳೆಯ ಗಾಡಿ ಇಟ್ಟುಕೊಂಡವರು ಇಂದಿನ ಪೆಟ್ರೋಲಿಗೆ ತಾಳುವ ಪೈಪುಗಳನ್ನು ಕೆಡುವ ಮುನ್ನವೇ ಹಾಕಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯಲ್ಲಿ ಮೊದಲು ಕೊಟ್ಟದ್ದು ನೀರಿನ ಪೈಪಿನಂಥದ್ದು, ಮೈಮೇಲೆ ಏನೂ ಬರೆದಿರಲಿಲ್ಲ. ಅದನ್ನು ಹಿಂತಿರುಗಿಸಿ ಎಸ್‌ಎಇ ಜೆ30 ಆರ್9 ಎಂಬ ಪೆಟ್ರೋಲ್ ಪೈಪಿನ ದರ್ಜೆ ಅಚ್ಚಾದ ಪೈಪನ್ನೇ ಕೇಳಿ ತರಿಸಿಕೊಂಡೆ. ಅದರ ಒಳಪದರ ಫ್ಲೋರಿನ್ ಸೇರಿದ ರಬ್ಬರಿನದು, ಎಥೆನಾಲಿಗೆ ಚೆನ್ನಾಗಿ ತಡೆಯುತ್ತದೆ. ಒಳವ್ಯಾಸ ಉಕ್ಕಿನ ಕೊಳವೆಗೆ ಬಿಗಿಯಾಗಿ ಕೂರಬೇಕು, ಹಾಗಾಗಿ ವರ್ನಿಯರ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಕ್ಲಿಪ್ಪುಗಳನ್ನು ಒಳಮೈ ನಯವಾಗಿರುವ, ಅಂಚು ಹೊರಕ್ಕೆ ಮಡಚಿದ ಬಗೆಯವನ್ನು ಆರಿಸಿದೆ. ಕೊಳವೆಯ ತುದಿಯಲ್ಲಿ ಹಳೆಯ ರಬ್ಬರಿನ ಕೆಳಗೆ ತುಕ್ಕಿನ ಬಳೆ ಕಟ್ಟಿತ್ತು. ಕೊಳವೆಯ ಬಾಯಿಗೆ ಬಟ್ಟೆಯ ಬತ್ತಿ ತುರುಕಿ, 400ರ ಉಜ್ಜುಕಾಗದದಿಂದ ನಯವಾಗುವವರೆಗೆ ಉಜ್ಜಿ, ಒರೆಸಿ, ಬತ್ತಿ ತೆಗೆದೆ. ಆ ಬಳೆಯ ಮೇಲೆಯೇ ಹೊಸ ಪೈಪು ಏರಿಸಿದ್ದರೆ ಅದರ ಒರಟು ಮೈಯಿಂದ ಗಾಳಿ ಮತ್ತೆ ದಾರಿ ಹುಡುಕುತ್ತಿತ್ತು. ಪಂಪಿನ ಮುಂದಿನ, ಹಿಂದಿನ ಪೈಪುಗಳನ್ನೂ ಇದರ ಜೊತೆಗೇ ಬದಲಿಸಿದೆ. ಎಲ್ಲ ಸೇರಿ ಖರ್ಚು 540 ರೂಪಾಯಿ.

ಡಬ್ಬಿಯಲ್ಲಿದ್ದ ಅಷ್ಟೇ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿದೆ. ಬಾಟಲಿಯ ಪರೀಕ್ಷೆ ಇನ್ನೊಮ್ಮೆ: ಇಪ್ಪತ್ತು ಸೆಕೆಂಡಿಗೆ, ಟ್ಯಾಂಕಿನಿಂದಲೇ, 62 ಮಿಲಿಲೀಟರ್. ಮನೆಯ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ ಅರ್ಧ ಗಂಟೆ ಓಡಿಸಿದೆವು. ಹಿಂದೆ ಯಾರೋ ಗಾಡಿ ನಿಲ್ಲದಿರಲೆಂದು ಐಡಲ್ ಸ್ಕ್ರೂವನ್ನು, ಎಂದರೆ ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗವನ್ನು ಹೊಂದಿಸುವ ಸ್ಕ್ರೂವನ್ನು, ಹೆಚ್ಚು ತಿರುಗಿಸಿಟ್ಟಿದ್ದರು. ಎಂಜಿನ್ ಬಿಸಿಯಾದ ಮೇಲೆ ಅದನ್ನು ಇಳಿಸಿ ನಯವಾಗಿ ತಿರುಗುವ ಜಾಗಕ್ಕೆ ತಂದೆ.

ಮರುವಾರ ಅಮೀನಗಡದ ಸಂತೆಗೆ ನಾನೂ ಹೋದೆ. ಹೊರಡುವಾಗ ಅಪ್ಪ ಪೆಟ್ರೋಲ್ ಬಂಕಿನ ಕಡೆ ತಿರುಗಿಸಲು ಹೋದರು, ನಾನು ಬೇಡ ಎಂದೆ. ಮುಳ್ಳು ಕಾಲಿಗಿಂತ ಕೆಳಗಿತ್ತು. ಈ ಪರೀಕ್ಷೆ ಹಾಗೆಯೇ ಆಗಬೇಕಿತ್ತು. ಒಂದು ಬಾಟಲಿ, ಪೈಪು, ಕ್ಲಿಪ್ಪು, ಸ್ಕ್ರೂಡ್ರೈವರ್ ಕಾಲ ಬಳಿ ಇಟ್ಟುಕೊಂಡಿದ್ದೆ. ಕಮತಗಿ ಬಂತು, ಹೋಯಿತು. ಅಪ್ಪ ಕಿವಿಯನ್ನು ಎಂಜಿನ್ನಿಗೇ ಕೊಟ್ಟು ಒಂದು ಮಾತೂ ಆಡದೆ ಓಡಿಸುತ್ತಿದ್ದರು. ಅಮೀನಗಡದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ಎತ್ತಿ, ಮೊದಲ ಗಂಟನ್ನು ಬಿಚ್ಚುವ ಮುಂಚೆ ಅದನ್ನು ಮೂಗಿನ ಹತ್ತಿರ ಹಿಡಿದು ಆಘ್ರಾಣಿಸಿದರು. “ಗಂಜಿಯ ವಾಸನೆ ಅಷ್ಟೇ ಇದೆ, ತಂಗೀ” ಎಂದರು. ತಾಡಪಾಲು ಮಡಚಿ ಸೀಟಿನ ಹಿಂದೆ ಸಿಕ್ಕಿಸಿದರು.

ಸಂಜೆ ಚೋಪಡಿಯಲ್ಲಿ ಮಾರಾಟದ ಲೆಕ್ಕದ ಕೆಳಗೆ “ಪೈಪು, ಕ್ಲಿಪ್ಪು 540” ಎಂದು ಬರೆದದ್ದನ್ನು ನೋಡಿದೆ. ಪೆಟ್ರೋಲ್ ಸುರಿಯುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ರಬ್ಬರ್ ಕೂಡ ಅದೇ ಕಾಲದ್ದು. ಬೆರಳಿನಿಂದ ಒತ್ತಿದರೆ ಮೇಲೆ ಸಣ್ಣ ಗೆರೆಗಳು ಕಾಣುತ್ತವೆ. ಮುಂದಿನ ಭಾನುವಾರ ಅದನ್ನು ಬಿಚ್ಚುತ್ತೇವೆ.